ಅಕ್ಕ ಕಟ್ಟಿದ ಗಂಟು

ಗೋಡೆ ತುಂಬ ಶೂಗಳು, ಎಲ್ಲವೂ ಮೂತಿ ಮುಂದೆ ಮಾಡಿಕೊಂಡು ನನ್ನನ್ನೇ ನೋಡುತ್ತಿವೆ, ಹಸಿರು, ಕಿತ್ತಳೆ, ಕಣ್ಣಿಗೆ ಚುಚ್ಚುವ ಗುಲಾಬಿ — ನನಗೆ ಕೂರಲು ಸಿಕ್ಕಿದ್ದೇ ಸಾಕಾಗಿದೆ, ಬೆಳಗಿನಿಂದ ನಿಂತು ಊರವರ ಕೂದಲು ಕತ್ತರಿಸಿದ ಕಾಲು ಇವು, ಸಂಜೆ ಶೂ ಅಂಗಡಿಗೆ ಹೋಗಿ, ಪಾದ ಊದಿರುವಾಗಲೇ ಅಳತೆ ನೋಡ್ಬೇಕು ಅಂದಿದ್ದರು ಮೂಳೆ ಡಾಕ್ಟರು, ಊದುವುದಕ್ಕೇನು ಬರವಿಲ್ಲ, ಮೊಣಕಾಲಿನ ಕೆಳಗಿನ ನೋವು ಮಾತ್ರ ಕೂತರೂ ಕೂರುವುದಿಲ್ಲ, ಬಣ್ಣ ನೋಡಿ ತಗೋಬೇಡಿ ಅಂದರು ಡಾಕ್ಟರು, ಹಿಮ್ಮಡಿ ಜಾರಬಾರದು, ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರ್ಲಿ, ಹಳೇ ಶೂನೂ ತಗೊಂಡೋಗಿ ತೋರ್ಸಿ — ಆಮೇಲೆ ಕನ್ನಡಕ ತೆಗೆದು, ಹೀಗೇ ಓಡಿದ್ರೆ ಮೂಳೆ ಬಿರುಕು ಬಿಡುತ್ತೆ, ಮಂಚ ಹಿಡೀಬೇಕಾಗುತ್ತೆ ನೋಡಿ. ಮಂಚ ನಮ್ಮ ಮನೆಯಲ್ಲಿ ಖಾಲಿ ಇಲ್ಲ ಡಾಕ್ಟರೇ, ಅದರಲ್ಲಿ ಅಕ್ಕ ಇದ್ದಾಳೆ, ಅವಳನ್ನು ಎತ್ತಿ ಕುರ್ಚಿಗೆ ಕೂರಿಸುವ ಕಾಲುಗಳೂ ಇವೇ, ಇವು ಬಿದ್ದರೆ ಇಬ್ಬರೂ ಬಿದ್ದ ಹಾಗೆ.

ಮೊದಲಿಂದ ಓಡುತ್ತಿದ್ದವಳು ನಾನಲ್ಲ, ಅಕ್ಕ, ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ ಅಂತ ಅಮ್ಮ ಬೈಯುತ್ತಿದ್ದಳು, ಈಗ ಗಾಲಿಕುರ್ಚಿಯಲ್ಲಿ ಕೂತು ಅಕ್ಕನೇ ನಗುತ್ತಾಳೆ, ಅಮ್ಮನ ಬಾಯಿ ನೋಡು, ಚಕ್ರ ಬಂದೇಬಿಡ್ತು. ನರದ ಕಾಯಿಲೆ, ಮೊದಲು ಕಾಲು, ಆಮೇಲೆ ಬೆರಳು — ಬೆರಳು ಇನ್ನೂ ಆಡುತ್ತಿದ್ದಾಗ ಒಂದು ಬೆಳಿಗ್ಗೆ ಹಟ ಹಿಡಿದು ಶೂ ಹಾಕಿಕೊಂಡಳು, ಹೊಸ ಬಿಳಿ ಲೇಸು, ಎರಡು ಸುತ್ತಿನ ಅವಳದೇ ಗಂಟು, ಬಾಗಿಲ ತನಕವೂ ಹೋಗಲಾಗಲಿಲ್ಲ, ಗಂಟು ಬಿಚ್ಚದೆ ಕಾಲಿನಿಂದ ಎಳೆದು ನನ್ನ ಕೈಗೆ ಕೊಟ್ಟಳು, ಇಟ್ರೆ ಗಟ್ಟಿಯಾಗುತ್ತೆ ಕಣೇ, ನೀನು ಹಾಕ್ಕೊಂಡು ಓಡ್ತಿರು, ನಾನು ಎದ್ದ ಮೇಲೆ ಬೇಕು, ಹದವಾಗಿರ್ಲಿ. ಹೂಂ ಅಂದೆ, ಮತ್ತೇನು ಅನ್ನಲಿ. ಅಂದಿನಿಂದ ದಿನಾ ಬೆಳಿಗ್ಗೆ ಓಡುತ್ತೇನೆ, ಬೆವರು ಸುರಿಸಿಕೊಂಡು ಬಂದರೆ ಮಂಚದಿಂದ ಕೇಳುತ್ತಾಳೆ, ಶೂ ಹೇಗಿದೆಯೇ — ಹದವಾಗಿದೆ ಕಣೇ. ಅವಳ ಪಾದ ನನ್ನದಕ್ಕಿಂತ ದೊಡ್ಡದು, ನಾನು ಎರಡೆರಡು ಕಾಲುಚೀಲ ಹಾಕಿದೆ, ಗಂಟು ಬಿಚ್ಚಲಿಲ್ಲ, ಹಿಮ್ಮಡಿಯ ಅಂಚು ತುಳಿದು ತುಳಿದು ಕಾಲು ತೂರಿಸಿದೆ, ಹೆಜ್ಜೆಗೊಮ್ಮೆ ಜಾರುತ್ತಿತ್ತು, ಬಿಚ್ಚಿದರೆ ಮತ್ತೆ ಕಟ್ಟುವವಳು ನಾನು, ಅವಳಲ್ಲವಲ್ಲ. ನೋವು ಬಂದಾಗ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ ರಸ್ತೆ ಸರಿಯಿಲ್ಲ ಅಂದೆ. ನಿನ್ನೆ ಅವಳ ತಲೆ ಬಾಚುವಾಗ ಅಕ್ಕ ಅಂದಳು, ಒಂದು ಕಾಲು ಎಳೀತಿದೀಯಲ್ಲೇ, ನಂಗೆ ಕೈ ಹೋಗಿದೆ, ಕಿವಿ ಹೋಗಿಲ್ಲ. ಇಲ್ಲ ಕಣೇ, ನಿಂತು ನಿಂತು ಹಾಗೆ ಅಂದೆ.

ಅಂಗಡಿಯಾಕೆ ಕನ್ನಡಕ ನೆತ್ತಿಗೇರಿಸಿ ಹಳೇ ಶೂ ಬಾಗಿಸಿ ನೋಡುತ್ತಿದ್ದಾಳೆ, ಒಳಗೆ ಮೆತ್ತಗಿರೋದೆಲ್ಲ ಸತ್ತೇಹೋಗಿದೆ ಮೇಡಂ, ಇದರಲ್ಲಿ ಹೇಗೆ ಓಡಿದ್ರಿ — ಹದವಾಗಿಟ್ಟೆ ಅಂತ ಹೇಳಲೇ, ಹದ ಮಾಡಿ ಮಾಡಿ ಸವೆಸಿಬಿಟ್ಟೆ ಅಂತಲೇ. ಬೂದು ಬಣ್ಣದ್ದೊಂದು ಹಾಕಿಸಿದಳು, ಅಂಗಡಿಯ ಉದ್ದಕ್ಕೆ ಹೋಗಿ ಬನ್ನಿ, ಸ್ವಲ್ಪ ಓಡಿ, ನಾಚ್ಕೋಬೇಡಿ, ಓಡಿದೆ, ಹಿಮ್ಮಡಿ ಜಾರಲಿಲ್ಲ, ಯಾರೋ ಹಿಡಿದುಕೊಂಡ ಹಾಗಿದೆ, ಹಿತವಾಗಿದೆ, ಹಿತವಾಗಿದೆಯಲ್ಲ ಅಂತಲೇ ಸಂಕಟ, ನಾಳೆ ಅಕ್ಕ ಮೊದಲು ನನ್ನ ಕಾಲೇ ನೋಡುತ್ತಾಳೆ, ನಂದೆಲ್ಲೇ ಅಂದರೆ, ನೀನು ಏಳೋದಿಲ್ಲ ಅಂತ ಬಾಯಿಬಿಟ್ಟು ಹೇಳಿದ ಹಾಗೇ ಆಗುತ್ತದೆ, ಹೊಸದನ್ನು ಮೆಟ್ಟಿಲ ಕೆಳಗೆ ಬಚ್ಚಿಡಲೇ, ಎಷ್ಟು ದಿನ, ಕಾಲು ಮುರಿದುಕೊಂಡರೆ ಅವಳನ್ನು ಎತ್ತುವವರು ಯಾರು — ಇದೇ ಕೊಡಿ ಅಂದೆ. ಒಂದು ಸಲ ಹಳೇದರ ಒಳಗಿನ ಮೆತ್ತೆ ತೆಗೆದು ನೋಡ್ತೀನಿ, ಸವೆತ ಗೊತ್ತಾಗುತ್ತೆ, ಲೇಸು ಬಿಚ್ಚಲಾ, ಅಂಗಡಿಯಾಕೆಯ ಉಗುರು ಆಗಲೇ ಗಂಟಿನ ಮೇಲಿದೆ, ಬೇಡ ಅನ್ನಬೇಕು, ಹೂಂ ಅಂದೆ, ಅದೇ ಹೂಂ. ಗಟ್ಟಿಯಾಗಿತ್ತು, ಹಲ್ಲು ಕಚ್ಚಿ ಎಳೆದಳು, ಬಂತು, ಬಂದ ಮೇಲೂ ಲೇಸು ನೇರವಾಗುತ್ತಿಲ್ಲ, ಅಕ್ಕ ಬಗ್ಗಿಸಿದಲ್ಲೇ ಬಗ್ಗಿ ನಿಂತಿದೆ, ಅತ್ತ ಕೊಳೆ, ಇತ್ತ ಕೊಳೆ, ನಡುವೆ ಗಂಟಿನೊಳಗಿದ್ದಷ್ಟು ಮಾತ್ರ ಬೆಳ್ಳಗೆ, ಆವತ್ತು ಅವಳ ಬೆರಳು ಬಿಟ್ಟಾಗ ಇದ್ದಷ್ಟೇ ಬೆಳ್ಳಗೆ