ನಲವತ್ತಮೂರು ಮುಯ್ಯಿ

ನಲವತ್ತಮೂರು ಹೆಂಗಸರನ್ನು ಕ್ಯಾನ್ಸರ್ ತಪಾಸಣೆಯ ಮೇಜಿನ ಮೇಲೆ ಮಲಗಿಸಲು ನನಗೆ ಆದ ಖರ್ಚು: ನಲವತ್ತಮೂರು ದಿನದ ಮೈಗೆಲಸ, ಎರಡು ಜೊತೆ ಹವಾಯಿ ಚಪ್ಪಲಿ, ಗಂಡನ ಕೈಯ ಒಂದು ಏಟು. ಬಂದದ್ದು ತಲೆಗೆ ಐವತ್ತು ರೂಪಾಯಿ.

ನಾನು ಆಶಾ ಕಾರ್ಯಕರ್ತೆ. ಕೂಲಿ ಬಿಟ್ಟು ಬಂದು, ಗುರುತಿಲ್ಲದವರ ಮುಂದೆ ಸೀರೆ ಎತ್ತಿ ಎಂದರೆ ಯಾರು ಬರುತ್ತಾರೆ? ನಮ್ಮ ಕೇರಿಯಲ್ಲಿ ನಡೆಯುವುದು ಮುಯ್ಯಿ. ನೀನು ನನ್ನ ಗದ್ದೆಗೆ ಒಂದು ದಿನ, ನಾನು ನಿನ್ನ ಗದ್ದೆಗೆ ಒಂದು ದಿನ. ಕ್ಯಾಂಪಿಗೆ ಬಂದ ಒಬ್ಬೊಬ್ಬಳಿಗೂ ಒಂದು ದಿನ ನಾಟಿ ನೆಟ್ಟೋ ಸೊಪ್ಪು ಹೊತ್ತೋ ತೀರಿಸಿದೆ. ವರದಿ ಮಾತ್ರ ತಂದುಕೊಡಲಾಗಲಿಲ್ಲ. ತಪಾಸಣೆ ನಡೆಸಿದ ಡಾಕ್ಟರ್ ಸುಚಿತ್ರಾ ಮೇಡಂ ಹದಿನೈದು ದಿನ ಎಂದಿದ್ದರು. ಮೂರು ವರ್ಷವಾಯಿತು.

ಮೇಡಂ ಇದೇ ತೀರ್ಥಹಳ್ಳಿ ಸೀಮೆಯ ದೊಡ್ಡ ಮನೆಯ ಮಗಳು. ನನ್ನ ಅವ್ವ ಅವರ ಕೊಟ್ಟಿಗೆಯ ಸಗಣಿ ಬಾಚಿದವಳು. ಮೇಡಂ ಮೊದಲು ನಮ್ಮ ರಕ್ತ ತೆಗೆದು ಬರೆದರು, ಪ್ರೊಫೆಸರ್ ಆದರು. ನಮ್ಮ ಹೆರಿಗೆಗಳನ್ನು ಎಣಿಸಿ ಬರೆದರು, ದೇಶ ಸುತ್ತಿದರು. ಈ ತಪಾಸಣೆ ಬರೆದು ಬೆಂಗಳೂರಿನ ಸಂಶೋಧನಾ ಸಂಸ್ಥೆಗೆ ನಿರ್ದೇಶಕಿಯಾದರು. ಕೋಣಂದೂರಿನಲ್ಲಿ ಅವರಿಗೆ ಸನ್ಮಾನ ಇಟ್ಟಿದ್ದರು. ನಲವತ್ತಮೂರು ಜನರೂ ಬಂದು ಚಪ್ಪಾಳೆ ತಟ್ಟಬೇಕು, ಅಧ್ಯಯನದ ಎರಡನೇ ಹಂತಕ್ಕೆ ಒಪ್ಪಿ ಹೆಬ್ಬೆಟ್ಟು ಒತ್ತಬೇಕು ಎಂದು ಸಂಸ್ಥೆಯ ಮೇಲ್ವಿಚಾರಕ ರವೀಶ್ ನನಗೆ ಹೇಳಿಕಳಿಸಿದ್ದ.

ಆ ನಲವತ್ತಮೂರರಲ್ಲಿ ಒಬ್ಬಳಾದ ರಂಗಮ್ಮ ಸನ್ಮಾನಕ್ಕೆ ಗೋಡೆ ಹಿಡಿದುಕೊಂಡು ಬಂದಳು. ಎಂಟು ತಿಂಗಳಿಂದ ಸ್ರಾವ ನಿಲ್ಲದೆ ಅವಳ ಬಟ್ಟೆ ಒಣಗಿರಲಿಲ್ಲ. ಶಿವಮೊಗ್ಗದಲ್ಲಿ ತೋರಿಸಿದಾಗ ಗರ್ಭಕಂಠದ ಕ್ಯಾನ್ಸರ್, ಕೈ ಮೀರಿದೆ ಎಂದಿದ್ದರು. ರವೀಶ್ ಬಾಗಿಲಲ್ಲೇ ಅವಳನ್ನು ತಡೆದ.

"ಏ ಅಮ್ಮ, ನೀನು ಹೊರಗ್ ಕೂತ್ಕ. ವಾಸ್ನೆ ಹೊಡಿತೈತೆ."

"ಈ ವಾಸ್ನೆನೇ ಕಣಪ್ಪ ನಿಮ್ ಮೇಡಂ ಸೀಸೇಲಿ ತುಂಬ್ಕಂಡ್ ಹೋಗಿದ್ದು," ಎಂದಳು ರಂಗಮ್ಮ. "ಆವಾಗ ಗಮ್ ಅಂತಿತ್ತಾ?"

ಹೇಳಿ, ಒಳಗೆ ಬಂದು ಮುಂದಿನ ಸಾಲಿನಲ್ಲೇ ಕೂತಳು.

ಶಾಲು ಹೊದಿಸಿದ ಮೇಲೆ ನಾನು ಮೇಡಂ ಹತ್ತಿರ ಹೋಗಿ ವರದಿ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಮಗುವಿಗೆ ಹೇಳಿದ ಹಾಗೆ ಹೇಳಿದರು.

"ಇದು ಸಂಶೋಧನೆ ಶಾಂತಮ್ಮ, ಚಿಕಿತ್ಸೆ ಅಲ್ಲ. ನಮ್ಮ ಹತ್ರ ಹೆಸರೇ ಇಲ್ಲ, ಬರೀ ನಂಬರ್. ನಿಂಗದು ಅರ್ಥ ಆಗಲ್ಲ. ನಿನ್ನ ಡೈರಿ ತಂದಿದೀಯಲ್ಲ, ಕೊಡು."

ಯಾವ ನಂಬರು ಯಾರದ್ದು ಎಂದು ಬರೆದುಕೊಂಡಿದ್ದು ನಾನೊಬ್ಬಳೇ. ನಂಬರಿನ ಮುಂದೆ ರೋಗ ಬರೆದ ಪಟ್ಟಿ ಅವರಲ್ಲಿ, ಹೆಸರು ಬರೆದ ಡೈರಿ ನನ್ನಲ್ಲಿ. ಡೈರಿ ಇಲ್ಲದೆ ಎರಡನೇ ಹಂತವಿಲ್ಲ. ಏಳನೇ ಕ್ಲಾಸು ಓದಿದವಳಿಗೆ ಅಷ್ಟು ಅರ್ಥವಾಗುತ್ತದೆ.

"ಪಟ್ಟಿ ಕೊಡಿ. ಆಮೇಲೆ ಡೈರಿ ಮಾತು," ಎಂದೆ.

ರವೀಶ್ ನನ್ನ ಚೀಲಕ್ಕೆ ಕೈ ಹಾಕಿದ. "ಯಾರ್ ಹತ್ರ ಮಾತಾಡ್ತಿದೀಯ ಗೊತ್ತೇನೆ? ಒಂದ್ ಫೋನ್ ಮಾಡಿದ್ರೆ ನಾಳೆಯಿಂದ ನಿಂಗೆ ಕೆಲ್ಸ ಇರಲ್ಲ."

ನಾನು ಡೈರಿಯನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತೆ.

"ಏಳ್ಬೇಡ ಶಾಂತಾ," ಎಂದಳು ರಂಗಮ್ಮ. "ಬೋಳಿಮಗ ಅದೆಂಗ್ ಎಬ್ಬಿಸ್ತಾನೆ ನೋಡಣ."

ಹೆಬ್ಬೆಟ್ಟಿನ ಸಾಲಿನಲ್ಲಿ ಮೊದಲಿದ್ದವಳು ಭವ್ಯಾ, ಎರಡು ಮಕ್ಕಳ ತಾಯಿ. ಬೆರಳಿಗೆ ಆಗಲೇ ಮಸಿ ಹಚ್ಚಿದ್ದರು. ಅವಳು ಕಾಗದ ಬಿಟ್ಟು ವೇದಿಕೆ ಹತ್ತಿ, ಮೇಡಂ ಹೆಗಲ ಮೇಲಿನ ಸನ್ಮಾನದ ಶಾಲಿಗೆ ಬೆರಳು ಒರೆಸಿಕೊಂಡು ಇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಉಳಿದ ಹೆಂಗಸರು ಒಬ್ಬಳಾದ ಮೇಲೆ ಒಬ್ಬಳು ಬಂದು ಬಾಗಿಲಿಗೆ ಅಡ್ಡ ನಿಂತರು.

ಮೇಡಂ ಫೋನ್ ಮಾಡಿದರು. ಮೂರು ವರ್ಷ ಬಾರದ ಪಟ್ಟಿ ಮುಕ್ಕಾಲು ಗಂಟೆಯಲ್ಲಿ ಮೊಬೈಲಿಗೆ ಬಂತು. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ, ಡೈರಿ ಪಕ್ಕದಲ್ಲಿಟ್ಟುಕೊಂಡು ಬೆರಳಿಟ್ಟು ನೋಡಿದೆ. ನಾಲ್ಕು ನಂಬರುಗಳ ಮುಂದೆ ರೋಗದ ಗುರುತು ಇತ್ತು. ಹದಿನೇಳನೆಯದು ರಂಗಮ್ಮನದು. ತಾರೀಕು, ಕ್ಯಾಂಪ್ ಮುಗಿದ ಹತ್ತೊಂಬತ್ತನೇ ದಿನದ್ದು.

"ನಂದೆಂತ ಬರ್ದಾರೆ?" ರಂಗಮ್ಮ ಕೇಳಿದಳು.

"ಆವಾಗ್ಲೇ ಗೊತ್ತಿತ್ತಂತೆ ಅಕ್ಕ, ಅವ್ರಿಗೆ."

ರಂಗಮ್ಮ ಮೇಡಂ ಮುಖ ನೋಡಿದಳು. ಮೇಡಂ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು.

ಡೈರಿ ನಾನು ಕೊಡಲಿಲ್ಲ.

ಉಳಿದ ಮೂವರನ್ನು ಮಾರನೇ ದಿನವೇ ಬಸ್ಸಿಗೆ ಹತ್ತಿಸಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಅವರಲ್ಲಿ ಭವ್ಯಾಳೂ ಒಬ್ಬಳು. ರೋಗ ಇನ್ನೂ ಬಲಿತಿರಲಿಲ್ಲ, ಮೂವರೂ ಬದುಕಿ ಉಳಿದರು. ರಂಗಮ್ಮ ಕಾರ್ತಿಕದಲ್ಲಿ ತೀರಿಕೊಂಡಳು. ನನ್ನ ಕೆಲಸ ಹೋಯಿತು. ಮೇಡಂ ಸಾಗರದ ಕಡೆ ಹೊಸ ಅಧ್ಯಯನ ಶುರು ಮಾಡಿದ್ದಾರೆ.