ಚಿಕ್ಕವಳ ತೂಕ

ತೊಣ್ಣೂರಿನ ಚಲುವರಾಜುವಿಗೆ ಕುರಿ ವ್ಯಾಪಾರದಲ್ಲಿ ತಕ್ಕಡಿ ಬೇಕಿರಲಿಲ್ಲ. ಕುರಿಯ ಹೊಟ್ಟೆಯ ಕೆಳಗೆ ಕೈ ಕೊಟ್ಟು ಒಮ್ಮೆ ಎತ್ತಿದರೆ ಸಾಕು, ತೂಕ ಹೇಳಿಬಿಡುತ್ತಿದ್ದ. ಹೆಚ್ಚುಕಮ್ಮಿ ಸರಿಯೂ ಇರುತ್ತಿತ್ತು. ಅದೇ ಅವನ ತಲೆಗೇರಿದ್ದು.

ಹೆಂಡತಿ ಪ್ರಮೀಳಾಳ ಹೊಟ್ಟೆಯಲ್ಲಿ ಅವಳಿಗಳಿದ್ದವು. ಒಂದು ಇನ್ನೊಂದರ ಪಾಲನ್ನೂ ತಿಂದು ಬೆಳೆಯಬಹುದು, ತಪ್ಪದೆ ಸ್ಕ್ಯಾನ್ ಮಾಡಿಸುತ್ತಿರಿ ಎಂದು ಪಾಂಡವಪುರದ ಡಾಕ್ಟರಮ್ಮ ಹೇಳಿದ್ದರು. ಎಂಟನೇ ತಿಂಗಳಲ್ಲಿ ಚಲುವರಾಜು ಆ ಹೊಟ್ಟೆಯನ್ನು ಕಣ್ಣಲ್ಲೇ ತೂಗಿದ.

"ಸ್ಕ್ಯಾನ್ ಯಾಕಮ್ಮಿ? ಇಬ್ರೂ ಎರಡೂವರೆ ಎರಡೂವರೆ ಕೇಜಿ ಅವ್ರೆ. ನಾನ್ ಯೋಳ್ತೀನಲ್ಲ."

"ಎಡಗಡೇದು ಒದೀತಾನೇ ಇಲ್ಲ ಕಣ್ರೀ," ಎಂದಳು ಪ್ರಮೀಳಾ.

"ಸಾಧು ಮಗ ಇರ್ಬೇಕು ಬುಡು. ನನ್ನಂಗೆ."

ಆ ಸಾಧು ಮನುಷ್ಯ ನಾಗಮಂಗಲದ ಕಡೆ ಕುರಿ ತರಲು ಹೊರಟುಹೋದ. ಅವನ ತಾಯಿ ಚಿಕ್ಕಬೋರಮ್ಮ ಮಗನ ಬಡಾಯಿಗೆ ಕಿವಿಗೊಡದೆ ಸೊಸೆಯನ್ನು ಬಸ್ಸು ಹತ್ತಿಸಿದಳು. ಸ್ಕ್ಯಾನಿನಲ್ಲಿ ನೋಡಿದರೆ ಒಂದು ಕೂಸಿನ ಬೆಳವಣಿಗೆ ನಿಂತೇಹೋಗಿತ್ತು. ಸಂಜೆಯೊಳಗೆ ಮಂಡ್ಯದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎರಡೂ ಹೆಣ್ಣು. ದೊಡ್ಡವಳು ಎರಡು ಕೇಜಿ ದಾಟಿದ್ದಳು. ಚಿಕ್ಕವಳು ಒಂದು ಕೇಜಿ ಮುನ್ನೂರು ಗ್ರಾಂ.

ಚಲುವರಾಜು ಓಡಿ ಬಂದಾಗ ಅಲ್ಲಿನ ಡಾಕ್ಟರು, "ಇನ್ನೆರಡು ದಿನ ಬಿಟ್ಟಿದ್ರೆ ಚಿಕ್ಕದು ಉಳೀತಿರಲಿಲ್ಲ. ಈಗಲೂ ಏನೂ ಹೇಳಕ್ಕಾಗಲ್ಲ," ಎಂದರು. ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಒಳಗೆ ಏನಾದರೂ ಇದ್ದರಲ್ಲವೇ ನೋಯುವುದು ಎಂದು ಸುಮ್ಮನಾದ.

ವಾರ ಕಳೆದರೂ ಚಿಕ್ಕವಳ ತೂಕ ಏರಲಿಲ್ಲ. ಒಂದು ಮಧ್ಯಾಹ್ನ ನರ್ಸು ಬಂದು ಚಲುವರಾಜುವಿಗೆ, "ಅಂಗಿ ಬಿಚ್ಚಿ," ಎಂದಳು. ಒಬ್ಬಳನ್ನು ತಾಯಿ ಎದೆಗೆ ಕಟ್ಟಿಕೊಂಡಿದ್ದಾಳೆ, ಇನ್ನೊಬ್ಬಳಿಗೆ ಅಪ್ಪನ ಮೈಬಿಸಿ ಬೇಕು. ಸಂತೆಯಲ್ಲಿ ಮೀಸೆ ತಿರುವುತ್ತಿದ್ದ ಗಂಡಸು ಬಾಣಂತಿಯರ ನಡುವೆ ಬರಿಮೈಯಲ್ಲಿ ಕುಳಿತ. ಬೊಜ್ಜು ಕಾಣದಿರಲೆಂದು ಹೊಟ್ಟೆ ಒಳಗೆಳೆದುಕೊಂಡ. ನರ್ಸು ಕೂಸನ್ನು ಅವನ ಎದೆಯ ಮೇಲೆ ಮಲಗಿಸಿ ಬಟ್ಟೆ ಸುತ್ತಿದಳು. ಎಲ್ಲಿ ನೊಂದೀತೋ ಎಂದು ಅವನು ಉಸಿರನ್ನೇ ಬಿಗಿಹಿಡಿದ.

"ಉಸಿರಾಡಿ ಅಣ್ಣ," ಎಂದು ನರ್ಸು ಗದರಿದಳು. "ಇಷ್ಟು ಪುಟ್ಟ ಕೂಸು ಆಗಾಗ ಉಸಿರಾಡೋದನ್ನೇ ಮರೀತದೆ. ನಿಮ್ಮೆದೆ ಏರಿಳಿದ್ರೆ ಅದಕ್ಕೂ ಗ್ಯಾಪಕ ಬತ್ತದೆ."

ಯಾರ ಮಾತನ್ನೂ ಕೇಳದವನು ಇದನ್ನು ಕೇಳಿದ. ಹೊಟ್ಟೆ ಸಡಿಲಬಿಟ್ಟು ಉಸಿರೆಳೆದ, ಬಿಟ್ಟ. ದಿನವೂ ಅದೇ ಕೆಲಸ. ನಾಗಮಂಗಲದಿಂದ ಫೋನು ಬಂದರೆ, "ಕೆಲ್ಸದಲ್ಲಿವ್ನಿ ಕಣ್ಲಾ," ಎಂದು ಪಿಸುಗುಟ್ಟಿ ಇಟ್ಟುಬಿಡುತ್ತಿದ್ದ.

ಕೊನೆಗೊಂದು ಬೆಳಿಗ್ಗೆ ಚಿಕ್ಕವಳು ಹದಿನೈದು ಗ್ರಾಂ ಏರಿದ್ದಳು. ನರ್ಸು ಕೂಸನ್ನು ತಂದು ಮತ್ತೆ ಅವನ ಎದೆಗೆ ಕಟ್ಟಿದಳು. ಪಕ್ಕದ ಮಂಚದಿಂದ ಪ್ರಮೀಳಾ ಅವನನ್ನೇ ನೋಡುತ್ತಿದ್ದಳು.

"ಆಯ್ತು, ಅಳ್ಬೇಡಿ," ಎಂದಳು. "ಕೂಸಿನ್ ಮ್ಯಾಲೆ ಬೀಳ್ತದೆ."