ನೆತ್ತಿಗೆ ಹತ್ತಿದ ಹೋಳಿಗೆ

ಚನ್ನಗಿರಿಯಲ್ಲಿ ಜಾನಪದ ಗೀತ ಮೇಳ ನಡೆಯುತ್ತದೆ, ಸೋಬಾನೆ ಪದ ಹಾಡುವ ಹೆಂಗಸರೂ ಬರಬೇಕು ಎಂದು ಎಂಬತ್ತೊಂದನೇ ಇಸವಿಯಲ್ಲಿ ಹೇಳಿಕಳಿಸಿದಾಗ ಸಾಸ್ವೆಹಳ್ಳಿಯ ಭೀಮಕ್ಕ ಕೇಳಿದ್ದು ಒಂದೇ ಮಾತು: ಉಬ್ರಾಣಿಯವರು ಬರುತ್ತಾರೋ ಇಲ್ಲವೋ. ಬರುತ್ತಾರೆ ಎಂದು ತಿಳಿದ ಮೇಲೆ ಎಮ್ಮೆ, ಕಳೆ ಕೀಳುವ ಕೆಲಸ, ಮೊಮ್ಮಗನ ಕೆಮ್ಮು ಯಾವುದೂ ಅಡ್ಡ ಬರಲಿಲ್ಲ. ಟ್ರಂಕಿನ ತಳದಿಂದ ಇಳಕಲ್ ಸೀರೆ ಹೊರಬಂತು.

ಉಬ್ರಾಣಿಯ ತಂಡಕ್ಕೆ ಅಜ್ಜಮ್ಮ ಮುಂದಾಳು. ಅವಳು ಭೀಮಕ್ಕನ ಬೀಗಿತಿ, ಸೊಸೆ ರುದ್ರಾಣಿಯ ತಾಯಿ. ಇಬ್ಬರೂ ಮಾತು ಬಿಟ್ಟು ಏಳು ವರ್ಷವಾಗಿತ್ತು. ಆಸ್ತಿಗಾಗಿ ಅಲ್ಲ, ಬಂಗಾರಕ್ಕಾಗಿಯೂ ಅಲ್ಲ. ಜಗಳದ ಮೂಲ ಒಂದು ಹೋಳಿಗೆ.

ಆ ಸೀಮೆಯ ಮದುವೆ ಊಟದಲ್ಲಿ ಹೆಣ್ಣಿನ ಕಡೆಯವರು ಬೀಗರನ್ನು ಪದ ಕಟ್ಟಿ ಹೀಯಾಳಿಸುವುದು ಪದ್ಧತಿ. ಏನಂದರೂ ಸಿಟ್ಟಾಗುವಂತಿಲ್ಲ, ಗಂಡಿನ ಕಡೆಯವರು ಅದಕ್ಕಿಂತ ಖಾರವಾಗಿ ತಿರುಗಿ ಹಾಡಬೇಕು. ಹಾಡಿ ಸಾಕಾದ ಮೇಲೆ ಬೀಗಿತಿಯರಿಬ್ಬರೂ ಒಂದೇ ತಟ್ಟೆಯ ಎಲೆ ಅಡಿಕೆ ಹಾಕಿಕೊಂಡರೆ ನೆಂಟಸ್ತನ ಗಟ್ಟಿಯಾಯಿತು ಎಂದೇ ಲೆಕ್ಕ. ರುದ್ರಾಣಿಯ ಮದುವೆಯಲ್ಲಿ ಅಜ್ಜಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು ಹಾಡಿದಳು:

ಹೋಳಿಗೆ ಮುಗಿದಾವೊ ತುಪ್ಪಾವು ಮುಗಿದೈತೊ
ಕೇಳಿರಿ ಊರ ಹಿರಿಯಾರೆ, ನಮ ಬೀಗಿತಿ
ಬಾಳೆಲೆಯ ಮೇಲೆ ಕಣ್ಣಿಟ್ಟಾಳೆ

ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ತಿರುಗೇಟಿನ ಪದ ಭೀಮಕ್ಕನ ನಾಲಿಗೆಯ ತುದಿಗೆ ಆಗಲೇ ಬಂದಿತ್ತು. ಆದರೆ ಅಲ್ಲಿ ಜಾಗವಿರಲಿಲ್ಲ, ಬಾಯಿ ತುಂಬ ಹೋಳಿಗೆ. ಅವಸರದಲ್ಲಿ ನುಂಗಲು ಹೋಗಿ ನೆತ್ತಿಗೆ ಹತ್ತಿತು. ಕೆಮ್ಮಿ, ಕಣ್ಣೀರು ಸುರಿಸಿ, ಬೆನ್ನಿಗೆ ಗುದ್ದಿಸಿಕೊಂಡು, ಚೊಂಬು ನೀರು ಕುಡಿದು ತಲೆ ಎತ್ತುವಷ್ಟರಲ್ಲಿ ಎಲೆ ತೆಗೆದಾಗಿತ್ತು, ದಿಬ್ಬಣದ ಲಾರಿಯವನು ಹಾರನ್ ಹೊಡೆಯುತ್ತಿದ್ದ.

ಸುತ್ತಲ ಹಳ್ಳಿಗಳಲ್ಲೆಲ್ಲ ಸೋಬಾನೆಗೆ ಹೆಸರಾದವಳು ಒಂದು ಹೋಳಿಗೆಯ ಕೈಲಿ ಸೋತು ಬಂದಳಲ್ಲ ಎಂಬ ಅವಮಾನ ಭೀಮಕ್ಕನ ಹೊಟ್ಟೆಯಲ್ಲೇ ಕೂತಿತು. ಅಜ್ಜಮ್ಮನ ಮುಖ ನೋಡುವುದನ್ನು ಬಿಟ್ಟಳು. ವಿಚಿತ್ರವೆಂದರೆ ಅಜ್ಜಮ್ಮನೂ ಮೂತಿ ತಿರುವಿದಳು. ಗೆದ್ದವಳಿಗೇನು ದಾಡಿ ಬಂದಿತ್ತು ಎಂದು ಭೀಮಕ್ಕನಿಗೆ ಇನ್ನಷ್ಟು ಉರಿ. ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ ದಿನ ಇಬ್ಬರೂ ಆ ಬದಿಗೊಬ್ಬರು ಈ ಬದಿಗೊಬ್ಬರು ನಿಂತು, ನಿಮ್ಮತ್ತೆಗೆ ಹೇಳು, ನಿಮ್ಮವ್ವಗೆ ಹೇಳು ಎಂದು ರುದ್ರಾಣಿಯನ್ನು ಟಪಾಲಿನವಳನ್ನಾಗಿ ಮಾಡಿದ್ದರು. ಹಸಿ ಬಾಣಂತಿ ಅದನ್ನೂ ಮಾಡಿದಳು, ಪಾಪ.

ಮೇಳದ ಅಧ್ಯಕ್ಷರು ಅಡಿಕೆ ವ್ಯಾಪಾರಿ ಮಹೇಶ್ವರಪ್ಪನವರು. ಮೈಕು ಸಿಕ್ಕಿದರೆ ಬಿಡುವ ಪೈಕಿ ಅಲ್ಲ. ಮುಂದಿನ ಸಾಲಿನಲ್ಲಿ ದೊಡ್ಡ ಮನುಷ್ಯರು ಕೂತಿದ್ದಾರೆ, ತಂಡಕ್ಕೊಂದೇ ಹಾಡು, ಅದೂ ಮರ್ಯಾದೆಯ ಹಾಡು, ದೇವರ ಮೇಲಿದ್ದರೆ ಇನ್ನೂ ಒಳ್ಳೆಯದು ಎಂದು ಮತ್ತೆ ಮತ್ತೆ ಹೇಳಿದರು. ಅಜ್ಜಮ್ಮನ ತಂಡ ದೀಪ ಹಚ್ಚುವ ಪದವನ್ನು ಚೆನ್ನಾಗಿಯೇ ಹಾಡಿ ಸ್ಟೇಜಿನ ಬದಿಯಲ್ಲಿ ಕೂತಿತು. ಭೀಮಕ್ಕ ಒಪ್ಪಿಕೊಂಡು ಬಂದದ್ದು ಆರತಿ ಪದ. ಮೈಕಿನ ಮುಂದೆ ನಿಂತಳು, ಕೆಮ್ಮಿ ಗಂಟಲು ಸರಿಮಾಡಿಕೊಂಡಳು, ಕಣ್ಣು ಮಾತ್ರ ಬದಿಗೆ ಹೊರಳಿತು. ಆರತಿ ಅಲ್ಲೇ ಆರಿಹೋಯಿತು.

ಉಂಡವಳ ನಕ್ಕೀರಿ ಉಣಿಸಿದ್ದ ಹೇಳಲೆ
ಕಂಡಿಲ್ಲ ಹೂರಣ ಒಳಗೆಲ್ಲೂ, ಉಬ್ರಾಣಿ
ದುಂಡು ಹೋಳಿಗೆಯು ಬರಿ ಹಿಟ್ಟು

ಮುಂದಾಳು ಹೇಳಿದ ಸಾಲನ್ನು ಹಿಮ್ಮೇಳದವರು ಎತ್ತಿಕೊಳ್ಳಲೇಬೇಕು. ಹಿಮ್ಮೇಳದಲ್ಲಿ ರುದ್ರಾಣಿ ಇದ್ದಳು. ತನ್ನ ತವರಿನ ಹೋಳಿಗೆ ಬರಿ ಹಿಟ್ಟು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಅವಳೇ ಹಾಡಿದಳು. ಏಳು ವರ್ಷ ಟಪಾಲು ಹೊತ್ತು ಅವಳಿಗೂ ಸಾಕಾಗಿತ್ತು.

ಮಹೇಶ್ವರಪ್ಪನವರು ಗಾಬರಿಯಾಗಿ ಎದ್ದರು. ಅವರಿಗಿಂತ ಮೊದಲು ಅಜ್ಜಮ್ಮ ಎದ್ದಿದ್ದಳು. ನೆಟ್ಟಗೆ ಮೈಕಿನ ಕಡೆಗೇ ಬಂದಳು. ಊರ ಮುಂದೆ ಕಪಾಳಕ್ಕೆ ಬಿಗಿದರೆ ಏನು ಗತಿ ಎಂದುಕೊಂಡಳು ಭೀಮಕ್ಕ. ಅಜ್ಜಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

ಹಿಟ್ಟಂತ ಅರಿತರೂ ಮತ್ತೊಂದು ಬೇಡ್ಯಾಳೆ
ತಟ್ಟಿ ಸೋತಾವೆ ನಮ ಕೈಯಿ, ಬೀಗಿತಿ
ಹೊಟ್ಟೇಗೆ ತಳವು ಐತೇನೆ

ಪೆಂಡಾಲು ಹಾರಿಹೋಗುವ ಹಾಗೆ ಜನ ನಕ್ಕರು. ಭೀಮಕ್ಕ ಮತ್ತೊಂದು ಕಟ್ಟಿದಳು, ಅಜ್ಜಮ್ಮ ಇನ್ನೊಂದು. ಹೋಳಿಗೆಯಿಂದ ಮೂಗಿಗೆ, ಮೂಗಿನಿಂದ ನಡಿಗೆಗೆ, ನಡಿಗೆಯಿಂದ ಇಬ್ಬರ ಗಂಡಂದಿರ ಗೊರಕೆಗೆ ಪದ ಇಳಿಯಿತು. ಮುಂದಿನ ಸಾಲಿನ ದೊಡ್ಡ ಮನುಷ್ಯರು ಶಲ್ಯದಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದುದನ್ನು ನೋಡಿ ಮಹೇಶ್ವರಪ್ಪನವರು ತೆಪ್ಪಗೆ ಕೂತರು. ಕೊನೆಗೆ ಇಬ್ಬರೂ ಉಸಿರು ಸಾಲದೆ ನಿಂತರು. ಆಗ ನೋಡಿದರೆ ಅಜ್ಜಮ್ಮನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಒಂದು ಪದಕ್ಕೆ ಏಳು ವರ್ಸ ಬೇಕಾತೇನು ಬೀಗ್ತೀ?" ಎಂದಳು. "ತಿರುಗಿ ಹಾಡ್ಲಿಲ್ಲ, ನಮ್ಮನ್ನ ಬೀಗರು ಅಂತಾನೇ ಒಪ್ಪಿಲ್ಲ ಅನ್ಕಂಡು ಎಷ್ಟು ಅತ್ತೀನಿ ಗೊತ್ತೈತಾ?"

ತಾನು ಸೋತೆನೆಂದು ಕೊರಗಿದ ಅಷ್ಟೂ ಕಾಲ ಆ ಕಡೆಯೂ ಒಂದು ಜೀವ ಕೊರಗಿತ್ತು ಎಂದು ಭೀಮಕ್ಕನಿಗೆ ಹೊಳೆದದ್ದೇ ಈಗ. ನಾಚಿಕೆಯಾಯಿತು, ಹೊಟ್ಟೆಯಲ್ಲಿ ಕೂತದ್ದು ಕರಗಿದಂತೆಯೂ ಆಯಿತು.

"ಹೋಳಿಗೆ ನೆತ್ತಿಗೆ ಹತ್ತಿತ್ತು ಕಣೆ," ಎಂದಳು. "ಕೆಮ್ಮಿದ್ದು ನೋಡ್ಲಿಲ್ವಾ?"

"ಅದು ನಾಟಕ ಅನ್ಕಂಡಿದ್ದೆ."

ಪದ್ಧತಿ ಪೂರ್ತಿ ಆಗಬೇಕಲ್ಲ. ಅಜ್ಜಮ್ಮ ಮೇಜಿನ ಮೇಲೆ ಬಹುಮಾನಕ್ಕೆ ಜೋಡಿಸಿದ್ದ ಸ್ಟೀಲ್ ತಟ್ಟೆಗಳಲ್ಲಿ ಒಂದನ್ನು ಕೇಳದೆ ಎತ್ತಿಕೊಂಡು, ಸೊಂಟದ ಚೀಲ ಬಿಚ್ಚಿ ಎಲೆ ಅಡಿಕೆ ಹರಡಿದಳು. ತಟ್ಟೆ ಯಾವ ತಂಡಕ್ಕೆಂದು ಕೇಳುವ ಧೈರ್ಯ ಅಧ್ಯಕ್ಷರಿಗೆ ಬರಲಿಲ್ಲ. ಬೀಗಿತಿಯರು ಸ್ಟೇಜಿನ ಮೇಲೆ ಕಾಲು ಮಡಚಿ ಕೂತರು. ಭೀಮಕ್ಕ ಎಲೆ ಮಡಚಿ ಬಾಯಿಗಿಟ್ಟಳೋ ಇಲ್ಲವೋ, ಇನ್ನೊಂದು ಪದ ನೆನಪಾಗಿ ಕೈ ಎತ್ತಿದಳು.

"ಮೊದ್ಲು ನುಂಗು," ಎಂದಳು ಅಜ್ಜಮ್ಮ. "ಎಷ್ಟೊತ್ತಾದ್ರೂ ಕಾಯ್ತೀನಿ."

ರುದ್ರಾಣಿ ಯಾವುದಕ್ಕೂ ಇರಲಿ ಎಂದು ನೀರಿನ ಚೊಂಬು ಹಿಡಿದು ಇಬ್ಬರ ನಡುವೆ ಬಂದು ಕೂತಳು.